ಅಪರಿಮಿತ ಹೊಣೆ: ಧಾರವಾಡ ಸೀಮೆಯ ಸಹಕಾರ ಚಳವಳಿಯಿಂದ ಒಂದು ವಿಚಾರ

ಹಲವರ ಹಣದ ವಿನಿಯೋಗದಲ್ಲಿ ರಾಜಕೀಯ ಪಕ್ಷಪಾತವು ಹೇಗೆ ತಲೆಯೆತ್ತುತ್ತದೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಅಧಿಕಾರಸ್ಥರ ಶೀಲವನ್ನು ಕುರಿತದ್ದು. ಆದರೆ ಶೀಲದಷ್ಟೇ ಗಮನಾರ್ಹವಾದ ಸಂಗತಿ ಇನ್ನೊಂದುಂಟು: ನಿರ್ಣಯ ಮಾಡುವವನೂ ಅದರ ನಷ್ಟವನ್ನು ಹೊರುವವನೂ ಒಬ್ಬನೆಯೋ, ಬೇರೆಬೇರೆಯೋ ಎಂಬುದು. ಧಾರವಾಡ ಸೀಮೆಯ ಸಹಕಾರ ಚಳವಳಿಯ ಇತಿಹಾಸದಿಂದ ಇದನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರುಷವೇ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯು ಗ್ರಾಮೀಣ ಸಂಘಗಳಿಗೆ ವಿಧಿಸಿದ್ದ ನಿಯಮವೆಂದರೆ ಅಪರಿಮಿತ ಹೊಣೆ. ಸಂಘವು ಮುಳುಗಿದರೆ ಅದರ ಸಾಲಕ್ಕೆ ಸದಸ್ಯರೆಲ್ಲರೂ ತಮ್ಮ ಸ್ವಂತ ಆಸ್ತಿಯಿಂದಲೂ ಬಾಧ್ಯರು.

ಇದರ ಪರಿಣಾಮವನ್ನು ತಿಳಿಯಲು, ಹುಬ್ಬಳ್ಳಿಯ ಬಳಿಯ ತಾರಿಹಾಳದಂತಹ ಊರಿನಲ್ಲಿ ಇಂಥ ಸಂಘವೊಂದಿತ್ತೆಂದು ಭಾವಿಸೋಣ. ಪಂಚರು ತಮ್ಮ ಪಂಗಡದವನೆಂಬ ಕಾರಣಕ್ಕೆ ಅಯೋಗ್ಯನೊಬ್ಬನಿಗೆ ಸಾಲ ಮಂಜೂರು ಮಾಡಿದರೆ, ನಾಳೆ ಅದು ಪಂಚರ ಹೊಲಮನೆಗೇ ಬರುವುದು. ಆದುದರಿಂದ ಸಾಲವು ಬೀಜಕ್ಕೆ ಹೋಯಿತೆ, ಮದುವೆಗೆ ಹೋಯಿತೆ ಎಂದು ನೆರೆಯವರೇ ನೋಡುತ್ತಿದ್ದರು. ಪಕ್ಷಪಾತಕ್ಕೆ ಬೆಲೆಯಿತ್ತು, ಅದನ್ನು ತೆರಬೇಕಾದವನು ಪಕ್ಷಪಾತಿಯೇ.

ಈ ಪದ್ಧತಿ ನಿರ್ದೋಷವಾಗಿರಲಿಲ್ಲ. ಆಸ್ತಿವಂತರು ಸೇರಲು ಹಿಂಜರಿದರು. ಆಸ್ತಿಯಿಲ್ಲದವರನ್ನು ಸೇರಿಸಿಕೊಳ್ಳಲು ಉಳಿದವರು ಹಿಂಜರಿದರು. 1929ರ ತರುವಾಯ ಧಾರಣೆ ಕುಸಿದಾಗ ಪ್ರಾಮಾಣಿಕ ರೈತನಿಗೂ ಸಾಲ ತೀರಿಸುವುದು ದುಸ್ಸಾಧ್ಯವಾಯಿತು. ಆದುದರಿಂದಲೇ ಗೋರವಾಲಾ ಸಮಿತಿಯು 1954ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಸರಕಾರವು ಸಹಕಾರಿ ಸಂಸ್ಥೆಗಳಲ್ಲಿ ಪಾಲುದಾರನಾಗಬೇಕೆಂದು ಸಲಹೆ ಮಾಡಿತು. ಹೊಣೆಯು ಷೇರಿನ ಮಟ್ಟಿಗೆ ಪರಿಮಿತವಾಯಿತು. ಬಂಡವಾಳದೊಡನೆ ಸರಕಾರದ ನಾಮಕರಣವೂ ಆಡಳಿತ ಮಂಡಳಿಗಳೊಳಗೆ ಪ್ರವೇಶಿಸಿತು. ಬಡರೈತನಿಗೆ ಇದರಿಂದ ಬಾಗಿಲು ತೆರೆಯಿತೆಂಬುದು ನಿರ್ವಿವಾದ. ಆದರೆ ನಿರ್ಣಯಕ್ಕೂ ನಷ್ಟಕ್ಕೂ ಇದ್ದ ಗಂಟು ಸಡಿಲಿತು.

ಸಾಲಮನ್ನಾದ ವಿಷಯದಲ್ಲಿ ಈ ಸಡಿಲಿಕೆ ಸ್ಪಷ್ಟವಾಗುತ್ತದೆ. 2008ರಲ್ಲಿ ಕೇಂದ್ರ ಸರಕಾರವೂ, 2017 ಮತ್ತು 2018ರಲ್ಲಿ ಕರ್ನಾಟಕ ಸರಕಾರವೂ ಮನ್ನಾ ಘೋಷಿಸಿದವು. 2018 ವಿಧಾನಸಭಾ ಚುನಾವಣೆಯ ವರುಷವೂ ಆಗಿತ್ತು. ಬರಗಾಲದಲ್ಲಿ ನೊಂದವನಿಗೆ ನೆರವು ನ್ಯಾಯವೇ. ಆದರೆ ಇಲ್ಲಿ ಘೋಷಿಸುವವರು ಒಬ್ಬರು, ಭಾರ ಹೊರುವವರು ತೆರಿಗೆದಾರರು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಅಂತರವು ಹಾಗೆಯೇ ಉಳಿಯುವುದು.

ಕಾನೂನು ಈ ಅಂತರವನ್ನು ಮರೆತಿಲ್ಲ. ಕರ್ನಾಟಕ ಸಹಕಾರ ಸಂಘಗಳ 1959ರ ಕಾಯಿದೆಯ 69ನೆಯ ಕಲಮಿನಂತೆ, ನಂಬಿಕೆದ್ರೋಹದಿಂದ ಅಥವಾ ಉದ್ದೇಶಪೂರ್ವಕ ಅಲಕ್ಷ್ಯದಿಂದ ಸಂಘಕ್ಕೆ ನಷ್ಟ ಮಾಡಿದವರಿಂದ ಅದನ್ನು ವಸೂಲು ಮಾಡಬಹುದು. 1997ರ ಸೌಹಾರ್ದ ಸಹಕಾರಿ ಕಾಯಿದೆಯು ಸರಕಾರದ ಹಸ್ತಕ್ಷೇಪವನ್ನು ತಗ್ಗಿಸುವ ಮಾರ್ಗ ಹಿಡಿಯಿತು.

ಅಪರಿಮಿತ ಹೊಣೆಗೆ ಮರಳಬೇಕೆಂದು ನಾವು ಹೇಳುತ್ತಿಲ್ಲ. ತಾರಿಹಾಳವೇ ಇಂದು ಕೈಗಾರಿಕಾ ಪ್ರದೇಶವಾಗಿದೆ. ಅಲ್ಲಿ ದುಡಿಯುವವರೆಲ್ಲ ಒಬ್ಬರನ್ನೊಬ್ಬರು ಅರಿತ ಹಳೆಯ ಗ್ರಾಮಸ್ಥರಲ್ಲ. ನೆರೆಯವನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಠರಾವಿನ ಪುಸ್ತಕ ಮಾಡಬೇಕು. ಯಾರು ಮಂಜೂರು ಮಾಡಿದರು, ಏತಕ್ಕಾಗಿ, ಯಾರು ವಿರೋಧಿಸಿದರು ಎಂಬುದು ಹೆಸರುಸಹಿತ ದಾಖಲಾಗಿ, ಸದಸ್ಯರ ಸಭೆಯಲ್ಲಿ ಓದಲ್ಪಡಬೇಕು. ಹೆಸರಿಲ್ಲದ ನಿರ್ಣಯದಲ್ಲಿಯೇ ಪಕ್ಷಪಾತವು ನಿರ್ಭಯವಾಗಿ ಬೆಳೆಯುತ್ತದೆಂಬುದು ಈ ಇತಿಹಾಸದ ತಾತ್ಪರ್ಯ.