ದೀಪ ಬಂದ ಮೇಲೆ ಕಾಯಿದೆ

ಈಗ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಯ ಮಾತು. ಪತ್ರ ಬರೆಯುವ, ಚಿತ್ರ ಬಿಡಿಸುವ ಈ ಯಂತ್ರಕ್ಕೆ ಲಗಾಮು ಹಾಕುವುದೆಂತೆಂದು ಸರಕಾರಗಳು ಯೋಚಿಸುತ್ತಿವೆ. ನಮ್ಮ ಮುಂಬಯಿಗೆ ಈ ಚಿಂತೆ ಹೊಸತೇನಲ್ಲ. ಗಿರಣಗಾಂವದ ಹಳೆಯ ಕತೆಯನ್ನು ನೆನೆದರೆ ಸಾಕು.

ಕಾವಸಜಿ ದಾವರರು ಇಲ್ಲಿ ಮೊದಲ ಹತ್ತಿ ಗಿರಣಿಗೆ ತಳಹದಿ ಹಾಕಿದ್ದು 1854ರಲ್ಲಿ. ಕಾರಖಾನೆಗಳ ಮೊದಲ ಕಾಯಿದೆ ಬಂದುದು 1881ರಲ್ಲಿ. ಅದಾದರೂ ಏನು? 7 ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದು. 7ರಿಂದ 12ರವರಿಗೆ ದಿನಕ್ಕೆ 9 ಗಂಟೆ ಮಾತ್ರ! ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕೂಲಿಗಾರರ ಸಭೆ ಕೂಡಿಸಿ ವಾರಕ್ಕೊಂದು ರಜೆ ಬೇಡಿದರು. 1891ರ ಕಾಯಿದೆಯಲ್ಲಿ ಅದು ಸೇರಿತು, ಹೆಂಗಸರಿಗೆ 11 ಗಂಟೆಯ ಮಿತಿಯೂ ಬಂತು. ಗಂಡಸರಿಗೆ ಮಿತಿಯೇ ಇಲ್ಲ. ಇದ್ದುದು ಸೂರ್ಯನ ಮಿತಿಯೊಂದೇ: ಕತ್ತಲಾದರೆ ನೂಲು ಕಾಣದು, ಗಿರಣಿ ನಿಲ್ಲಲೇಬೇಕು.

1905ರ ಸುಮಾರಿಗೆ ವಿದ್ಯುದ್ದೀಪಗಳು ಬಂದವು. ಅದೇ ಬಗೆಯ ದೀಪದಡಿಯಲ್ಲಿ ಮುಂದೆ ನಮ್ಮವರೆಷ್ಟೋ ಮಂದಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತರೆಂಬುದನ್ನು ಮರೆಯುವಂತಿಲ್ಲ. ಆದರೆ ಗಿರಣಿಯಲ್ಲಿ ಅದು ದುಡಿಮೆಯನ್ನು 14, 15 ಗಂಟೆಗಳಿಗೆ ಎಳೆಯಿತು. ಜನ ರೊಚ್ಚಿಗೆದ್ದರು. ಸಮಿತಿ ಕೂತಿತು, ಅದರ ಹಿಂದೆ ಆಯೋಗವೂ ಕೂತಿತು. 1908ರಲ್ಲಿ ಆಯೋಗದ ಬಹುಮತ, ವಯಸ್ಕ ಗಂಡಸರ ಗಂಟೆಗಳಿಗೆ ನೇರ ಮಿತಿ ಬೇಡವೆಂದಿತು, ಡಾ. ಟಿ. ಎಂ. ನಾಯರರು ಭಿನ್ನಮತ ಬರೆದರು. ಕೊನೆಗೆ 1911ರ ಕಾಯಿದೆ ಬಟ್ಟೆ ಗಿರಣಿಗಳಲ್ಲಿ 12 ಗಂಟೆಯ ಮಿತಿಯನ್ನೇ ಹಾಕಿತು. ದೀಪವನ್ನು ನಿಷೇಧಿಸಲಿಲ್ಲ, ಮನುಷ್ಯನ ಗಂಟೆಗಳನ್ನು ಎಣಿಸಿತು. ನಡುವೆ ಹೋದ ಆರು ವರ್ಷಗಳನ್ನು ಕೂಲಿಗಾರನಿಗೆ ಯಾರೂ ಹಿಂದಿರುಗಿಸಲಿಲ್ಲ.

ಯುರೋಪಿನ ಒಕ್ಕೂಟ 2024ರಲ್ಲಿ ಕೃತಕ ಬುದ್ಧಿಗೆಂದೇ ಕಾಯಿದೆ ಮಾಡಿತು. ನಮ್ಮ ಕೇಂದ್ರ ಸರಕಾರ 2025ರ ನವಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ, ಸದ್ಯಕ್ಕೆ ಪ್ರತ್ಯೇಕ ಕಾಯಿದೆ ಬೇಡ, ಇರುವವುಗಳಿಂದಲೇ ಬಹುಮಟ್ಟಿಗೆ ಸಾಗುತ್ತದೆ ಎಂಬ ಧೋರಣೆಯದು. ಅವಸರದ ಕಾಯಿದೆ ಒಳ್ಳೆಯದಲ್ಲವೆಂಬುದು ನಿಜ. ಆದರೆ ದೀಪ ಬಂದಾಗಲೂ 1891ರ ಕಾಯಿದೆ ಇದ್ದೇ ಇತ್ತಲ್ಲ! ಅದು ನೆಚ್ಚಿಕೊಂಡಿದ್ದ ಕತ್ತಲೆಯೇ ಹೋಗಿಬಿಟ್ಟಿತ್ತು.

ಇಂದಿನ ಕಾಯಿದೆಗಳೂ ಹೀಗೆಯೇ, ಬರೆಯದೆ ಬಿಟ್ಟ ಎಷ್ಟೋ ಮಿತಿಗಳನ್ನು ನೆಚ್ಚಿಕೊಂಡಿವೆ. ಒಬ್ಬನ ದನಿಯನ್ನು ಇನ್ನೊಬ್ಬ ಅನುಕರಿಸುವುದು ಕಷ್ಟ. ಒಬ್ಬ ಕಾರಕೂನ ದಿನಕ್ಕೆ ಓದಬಲ್ಲ ಅರ್ಜಿಗಳು ಇಷ್ಟೇ. ಈ ಎರಡನೆಯದು ನನ್ನ ಮೇಜಿನ ಮಾತು. ನಿವೃತ್ತನೊಬ್ಬನ ಪಿಂಚಣಿ ಅರ್ಜಿಯನ್ನು ತಳ್ಳಿಹಾಕುವಾಗ ನಾವು ಕಾರಣ ಬರೆದು ರುಜು ಹಾಕುತ್ತೇವೆ, ಮೇಲಿನವರೂ ಹಾಕುತ್ತಾರೆ. ಆತ ಬಂದು ಕೇಳಿದರೆ ಉತ್ತರ ಕೊಡುವವರೊಬ್ಬರು ಇರುತ್ತಾರೆ. ಯಂತ್ರ ಕ್ಷಣದಲ್ಲಿ ಸಾವಿರ ಅರ್ಜಿ ನೋಡಿ ಟಿಪ್ಪಣಿ ಬರೆದಿಟ್ಟಾಗ ಆ ಕಾಗದದ ಕೆಳಗೆ ಯಾರ ರುಜು ಇರಬೇಕು, ಹಾಕುವ ಮುನ್ನ ಆತ ಎಷ್ಟು ಓದಿರಬೇಕು ಎಂಬುದನ್ನು ಈಗಲೇ ಬರೆದಿಡಬಹುದು.