ಕಥೆ ಹೇಳೋಣ, ಕಥೆ ಬರೆಯೋಣ

ರಾತ್ರಿ ಊಟ ಮುಗಿದಿದೆ. ಮಕ್ಕಳು ಅಜ್ಜಿಯ ಸುತ್ತ ಕೂತಿದ್ದಾರೆ. ಅಜ್ಜಿ ಕಥೆ ಶುರು ಮಾಡುತ್ತಾಳೆ.

“ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ.”

“ಹ್ಞೂಂ.”

“ಆ ರಾಜನಿಗೆ ಒಬ್ಬಳೇ ಮಗಳಂತೆ.”

“ಹ್ಞೂಂ.”

ಹೂಂಗುಟ್ಟುವವರು ಇದ್ದರೆ ತಾನೇ ಕಥೆ ಮುಂದೆ ಸಾಗೋದು? ಹೂಂ ನಿಂತರೆ ಅಜ್ಜಿಯೂ ನಿಲ್ಲಿಸುತ್ತಾಳೆ. “ಏನ್ರೋ, ನಿದ್ದೆ ಬಂತಾ?” ಅಂತ ಕೇಳುತ್ತಾಳೆ.

ಕಥೆ ಹೇಳುವುದು ನಮಗೆಲ್ಲ ಬರುತ್ತದೆ. ಅದನ್ನು ಕಲಿಯಲು ನಾವು ಯಾವ ಶಾಲೆಗೂ ಹೋಗಿಲ್ಲ. ಸಂತೆಯಲ್ಲಿ ನಡೆದ ಜಗಳ, ಮದುವೆಮನೆಯ ತಮಾಷೆ, ಕಳೆದುಹೋದ ಎಮ್ಮೆ ಸಿಕ್ಕಿದ್ದು, ಎಲ್ಲವನ್ನೂ ಚೆನ್ನಾಗಿ ಹೇಳುತ್ತೇವೆ. ಈಗ ಅಕ್ಷರವೂ ಬಂದಿದೆ. ಆದರೆ ಪೆನ್ನು ಹಿಡಿದು ಕೂತರೆ ಕೈ ಮುಂದಕ್ಕೆ ಹೋಗುವುದಿಲ್ಲ. ಯಾಕೆ?

ಬಾಯಲ್ಲಿ ಹೇಳುವಾಗ ನಮ್ಮ ದನಿ ಏರುತ್ತದೆ, ಇಳಿಯುತ್ತದೆ. ಕೈ ಆಡುತ್ತದೆ. ಕಣ್ಣು ಅರಳುತ್ತದೆ. ಕೇಳುವವರಿಗೆ ತಿಳಿಯದಿದ್ದರೆ “ಯಾರು? ಯಾವಾಗ?” ಅಂತ ತಡೆದು ಕೇಳುತ್ತಾರೆ. ಕಾಗದಕ್ಕೆ ದನಿ ಇಲ್ಲ, ಕೈ ಇಲ್ಲ. ಓದುವವರು ಎಲ್ಲೋ ದೂರ ಇರುತ್ತಾರೆ. ಅವರು ನಮ್ಮನ್ನು ತಡೆದು ಕೇಳಲಾರರು. ಆದ್ದರಿಂದ ಆ ಕೆಲಸವನ್ನೆಲ್ಲ ನಾವು ಬರೆದ ಮಾತುಗಳೇ ಮಾಡಬೇಕು. ಅದು ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ಕಥೆಗೆ ನಾಲ್ಕು ಗೋಡೆ

ಪುಣ್ಯಕೋಟಿಯ ಕಥೆ ನಿಮಗೆ ಗೊತ್ತು. ಅದು ‘ಗೋವಿನ ಹಾಡು’ ಅಂತ ನಮ್ಮ ನಾಡಿನಲ್ಲಿ ಹೆಸರಾದ ಹಾಡು. ಬಾಯಿಂದ ಬಾಯಿಗೆ ಬಂದು ಇವತ್ತಿಗೂ ಉಳಿದಿದೆ. ಅದರ ಕಟ್ಟಡ ಅಷ್ಟು ಗಟ್ಟಿ. ಮನೆಗೆ ನಾಲ್ಕು ಗೋಡೆ ಇರುವ ಹಾಗೆ ಕಥೆಗೂ ನಾಲ್ಕು ಗೋಡೆ ಇವೆ.

ಮೊದಲನೆಯದು: ಎಲ್ಲಿ, ಯಾರು? ಈ ಹಾಡು ಶುರುವಾಗುವುದೇ ನಾಡಿನ ಹೆಸರಿನಿಂದ. ಆಮೇಲೆ ಕಾಳಿಂಗ ಅನ್ನುವ ಗೊಲ್ಲ ಬರುತ್ತಾನೆ. ಅವನ ಹಸುಗಳು ಬರುತ್ತವೆ. ಅವುಗಳಲ್ಲಿ ಪುಣ್ಯಕೋಟಿ ಒಂದು. ಕಾಡಿನಲ್ಲಿ ಅರ್ಬುತ ಅನ್ನುವ ಹುಲಿ ಇದೆ. ಈಗ ನಮಗೆ ಜಾಗ ಗೊತ್ತಾಯಿತು. ಕಥೆಯಲ್ಲಿ ಯಾರು ಯಾರು ಇದ್ದಾರೆ ಅಂತಲೂ ಗೊತ್ತಾಯಿತು.

ಎರಡನೆಯದು: ತೊಡಕು. ಹಸು ಮೇಯ್ದು ಸುಮ್ಮನೆ ಮನೆಗೆ ಬಂದಿದ್ದರೆ ಕಥೆ ಎಲ್ಲಿತ್ತು? ಹಸಿದ ಹುಲಿ ದಾರಿ ಕಟ್ಟಿತು. ದೊಡ್ಡಿಯಲ್ಲಿ ಹಾಲು ಕುಡಿಯುವ ಕರು ಕಾಯುತ್ತಿದೆ. ಕರುವಿಗೆ ಹಾಲು ಕೊಟ್ಟು ತಿರುಗಿ ಬರುವುದಾಗಿ ಹಸು ಮಾತು ಕೊಟ್ಟಿತು. ಕೇಳುವವರಿಗೆ ಈಗ ಒಂದೇ ಯೋಚನೆ. ಹಸು ತಿರುಗಿ ಬರುತ್ತದೋ ಇಲ್ಲವೋ?

ಮೂರನೆಯದು: ಒಂದಾದ ಮೇಲೆ ಒಂದು. ಹುಲಿ ದಾರಿ ಬಿಟ್ಟಿತು. ಹಸು ದೊಡ್ಡಿಗೆ ಬಂತು. ಕರುವಿಗೆ ಹಾಲು ಕೊಟ್ಟಿತು. ಕರು ಅತ್ತಿತು. ಜೊತೆಯ ಹಸುಗಳಿಗೆ ಕರುವನ್ನು ಒಪ್ಪಿಸಿ ಪುಣ್ಯಕೋಟಿ ಕಾಡಿಗೆ ಹೊರಟಿತು. ಹೆಜ್ಜೆ ಹೆಜ್ಜೆಗೂ ನಮ್ಮ ಸಂಕಟ ಹೆಚ್ಚುತ್ತದೆ. ಈ ಹೆಜ್ಜೆಗಳನ್ನು ಹಿಂದೆ ಮುಂದೆ ಮಾಡಿ ನೋಡಿ. ಕರುವನ್ನು ಒಪ್ಪಿಸಿದ್ದು ಮೊದಲು, ಹುಲಿ ಸಿಕ್ಕಿದ್ದು ಆಮೇಲೆ ಅಂದರೆ? ತಲೆಬುಡ ತಿಳಿಯುವುದಿಲ್ಲ.

ನಾಲ್ಕನೆಯದು: ಕೊನೆ. ಹಸು ಬಂದು ಹುಲಿಯ ಮುಂದೆ ನಿಂತಿತು. ಹುಲಿಯ ಮನಸ್ಸು ಕರಗಿತು. ಹಸುವನ್ನು ತಿನ್ನದೆ ತಾನೇ ಪ್ರಾಣ ಬಿಟ್ಟಿತು. ಕಥೆಯ ಕೊನೆ ಸಂತೋಷದ್ದೇ ಆಗಬೇಕು ಅಂತಿಲ್ಲ. ಆದರೆ ನಡುವೆ ಎದ್ದ ಪ್ರಶ್ನೆಗೆ ಉತ್ತರ ಸಿಗಬೇಕು.

ಕಥೆಯ ಮಾತು

ಗೋಡೆ ಆಯಿತು. ಈಗ ಮಾತು ನೋಡೋಣ.

ಕಥೆ ಅಂದರೆ ನಡೆದುಹೋದ ಸಂಗತಿ. ಅದಕ್ಕೇ ‘ಹೋದಳು’, ‘ಬಂದಳು’, ‘ಹೆದರಿದೆ’ ಅಂತ ಬರೆಯುತ್ತೇವೆ. ‘ಹೋದಳು’ ಅಂತ ಶುರು ಮಾಡಿ, ನಡುವೆ ಕಾರಣ ಇಲ್ಲದೆ ‘ಹೋಗುತ್ತಾಳೆ’ ಅಂದರೆ ಓದುವವರು ಎಡವುತ್ತಾರೆ.

ಒಂದರ ಹಿಂದೆ ಒಂದು ಕೆಲಸ ನಡೆದಾಗ ಹೂ ಕಟ್ಟಿದ ಹಾಗೆ ಕಟ್ಟಬಹುದು. “ಅಕ್ಕ ಎದ್ದು, ಮುಖ ತೊಳೆದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಳು.” ನಾಲ್ಕು ಕೆಲಸ, ಒಂದೇ ವಾಕ್ಯ. ಆದರೆ ಮಾಲೆ ತೀರಾ ಉದ್ದ ಮಾಡಬೇಡಿ. ಮೂರು ನಾಲ್ಕು ಕೆಲಸಕ್ಕೆ ನಿಲ್ಲಿಸಿ ಚುಕ್ಕೆ ಇಡಿ.

‘ಆಮೇಲೆ’, ‘ಅಷ್ಟರಲ್ಲಿ’, ‘ಮರುದಿನ’, ‘ಕೊನೆಗೆ’. ಇವು ಕಥೆಯ ದಾರಿಯಲ್ಲಿ ನೆಟ್ಟ ಕಲ್ಲುಗಳು. ಎಷ್ಟು ದೂರ ಬಂದೆವು ಅಂತ ಇವು ಹೇಳುತ್ತವೆ. ಎಲ್ಲ ಕಡೆಯೂ ‘ಆಮೇಲೆ, ಆಮೇಲೆ’ ಅಂದರೆ ಓದಲು ಬೇಜಾರು. ಬದಲಿಸಿ ಬದಲಿಸಿ ಬರೆಯಿರಿ.

ಯಾರಾದರೂ ಆಡಿದ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ. ಅದರ ಎರಡು ಕಡೆ “ ” ಈ ಗುರುತು ಹಾಕಿ. ‘ಅತ್ತೆ ಬೈದರು’ ಅಂದರೆ ಸಂಗತಿ ತಿಳಿಯುತ್ತದೆ, ಅಷ್ಟೆ. “ಹಾಲು ಉಕ್ಕಿ ಹೋಯ್ತಲ್ಲೇ, ನಿನ್ನ ಗ್ಯಾನ ಎಲ್ಲೈತೆ?” ಅಂತ ಬರೆದರೆ ಅತ್ತೆಯೇ ಬಂದು ಎದುರಿಗೆ ನಿಲ್ಲುತ್ತಾರೆ! ನಿಮ್ಮ ಊರಿನ ಮಾತು ಬರೆಯಲು ನಾಚಿಕೆ ಬೇಡ.

ಸರಸರ, ಗಳಗಳ, ದಡದಡ. ಇಂಥ ಮಾತುಗಳು ಕಾಗದಕ್ಕೆ ಸದ್ದು ಕೊಡುತ್ತವೆ. ಆದರೆ ಸಾರಿಗೆ ಉಪ್ಪು ಹಾಕಿದಷ್ಟೇ ಹಾಕಿ.

ಇನ್ನೊಂದು ಮಾತಿದೆ. ಅದು ‘ಅಂತೆ’. ಅಜ್ಜಿ ‘ರಾಜ ಇದ್ದನಂತೆ’ ಅಂದಳು. ‘ನಾನು ಕಂಡಿಲ್ಲ, ಕೇಳಿದ್ದೇನೆ’ ಅಂತ ಅದರ ಅರ್ಥ. ‘ಕೆರೆ ಕೋಡಿ ಬಿತ್ತು’ ಅಂದರೆ ನಾನೇ ಕಂಡಿದ್ದೇನೆ. ‘ಕೆರೆ ಕೋಡಿ ಬಿತ್ತಂತೆ’ ಅಂದರೆ ಯಾರೋ ಹೇಳಿದ್ದು. ಚಿಕ್ಕ ಮಾತು, ಆದರೆ ಇದರ ಮೇಲೆ ಬಹಳ ನಿಂತಿದೆ. ಹೇಗೆ ಅಂತೀರಾ?

ಅಕ್ಕನ ಎರಡು ಅರ್ಜಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಮಳೆಗಾಲದಲ್ಲಿ ಅವರ ಮನೆಯ ಗೋಡೆ ಬಿತ್ತು. ಪರಿಹಾರಕ್ಕೆ ಅರ್ಜಿ ಕೊಡಬೇಕಿತ್ತು. ಅಕ್ಕ ತಾವೇ ಬರೆದರು.

“ಮಳೆಗೆ ಮನೆ ಬಿತ್ತಂತೆ. ಬಹಳ ಕಷ್ಟ ಆಗಿದೆ. ದಯಮಾಡಿ ಸಹಾಯ ಮಾಡಿ.”

ಕಚೇರಿಯಲ್ಲಿ ಅದನ್ನು ಓದಿ ಕೇಳಿದರು. “ಯಾವತ್ತು ಬಿತ್ತು? ಬಿತ್ತಂತೆ ಅಂದರೆ ನೀವು ನೋಡಿಲ್ವಾ? ಬೇರೆ ಯಾರು ನೋಡಿದ್ದಾರೆ?” ಅಕ್ಕನಿಗೆ ಗಾಬರಿಯಾಯಿತು. ಮಾತೇ ಹೊರಡಲಿಲ್ಲ. ಅರ್ಜಿ ವಾಪಸು ಬಂತು.

ಸಂಜೆ ಕೇಂದ್ರದಲ್ಲಿ ನಾವು, “ಅಕ್ಕ, ಅವತ್ತು ಏನಾಯಿತು, ನಮಗೆ ಹೇಳಿ” ಅಂದೆವು. ಅಕ್ಕ ಹೇಳುತ್ತಾ ಹೋದರು. ನಾವು ಹೂಂಗುಟ್ಟಿದೆವು. ಹೇಳಿ ಮುಗಿಸಿದ ಮೇಲೆ ಅದನ್ನೇ ಬರೆದರು.

“ಜುಲೈ 18ರ ರಾತ್ರಿ ನಮ್ಮೂರಿನಲ್ಲಿ ಜೋರು ಮಳೆ ಬಂತು. ನಾನು, ನನ್ನ ಅತ್ತೆ, ಇಬ್ಬರು ಮಕ್ಕಳು ಮನೆಯೊಳಗೆ ಮಲಗಿದ್ದೆವು. ಸುಮಾರು 2 ಗಂಟೆಗೆ ಮಣ್ಣು ಉದುರುವ ಸದ್ದು ಕೇಳಿ ನನಗೆ ಎಚ್ಚರವಾಯಿತು. ಮಕ್ಕಳನ್ನು ಎಬ್ಬಿಸಿ, ಅತ್ತೆಯ ಕೈ ಹಿಡಿದು ಹೊರಗೆ ಬಂದೆ. ಅಷ್ಟರಲ್ಲಿ ಹಿಂದಿನ ಗೋಡೆ ಬಿತ್ತು. ಪಕ್ಕದ ಮನೆಯ ಇಬ್ಬರು ಬ್ಯಾಟರಿ ಹಿಡಿದು ಬಂದು ನೋಡಿದರು. ಅವತ್ತಿನಿಂದ ನಾವು ಅವರ ಜಗುಲಿಯಲ್ಲಿ ಇದ್ದೇವೆ. ಗೋಡೆ ಕಟ್ಟಿಸಲು ಪರಿಹಾರ ಕೊಡಬೇಕೆಂದು ಕೇಳುತ್ತೇನೆ.”

ನೋಡಿ, ಎಲ್ಲಿ, ಯಾರು ಅಂತ ಮೊದಲೇ ಬಂತು. ತೊಡಕು ಬಂತು. ಒಂದಾದ ಮೇಲೆ ಒಂದು ನಡೆದದ್ದು ಬಂತು. ಕೊನೆಯೂ ಬಂತು. ಒಂದು ಕಡೆಯೂ ‘ಅಂತೆ’ ಇಲ್ಲ, ಯಾಕೆಂದರೆ ಅಕ್ಕ ತಾವೇ ಕಂಡದ್ದು. ‘ದಡದಡ’ ಅನ್ನುವ ಸದ್ದೂ ಇಲ್ಲ. ಕಥೆಯಲ್ಲಿ ಅದು ಚೆಂದ, ಅರ್ಜಿಗೆ ಬೇಡ. ಕಥೆಯಲ್ಲಿ ಹುಲಿಯೂ ಮಾತಾಡಬಹುದು. ಅರ್ಜಿಯಲ್ಲಿ ನಡೆದದ್ದು ಮಾತ್ರ ಇರಬೇಕು, ಒಂದು ಕೂದಲೂ ಹೆಚ್ಚಬಾರದು.

ಈ ಸಲ ಅರ್ಜಿ ವಾಪಸು ಬರಲಿಲ್ಲ. ಕಚೇರಿಯವರು ಓದಿ, ಮುದ್ರೆ ಹಾಕಿ, ರಸೀದಿ ಕೊಟ್ಟರು. ಹಣ ಬರಲು ಬಹಳ ದಿನ ಹಿಡಿಯಿತು. ಅಲ್ಲಿಯವರೆಗೆ ಅಕ್ಕ ಆ ರಸೀದಿಯನ್ನು ಅಕ್ಕಿ ಡಬ್ಬದಲ್ಲಿ ಜೋಪಾನ ಮಾಡಿದ್ದರು.

ಹೇಳದೆ ಇಟ್ಟ ಕಥೆ

ಎ.ಕೆ. ರಾಮಾನುಜನ್ ಅವರು ಕನ್ನಡದ ಜನಪದ ಕಥೆಗಳನ್ನು ಸಂಗ್ರಹ ಮಾಡಿದವರು. ಅವುಗಳಲ್ಲಿ ಒಂದು ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಆದರೆ ಯಾರಿಗೂ ಹೇಳಿರಲಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಮಲಗಿದ್ದಾಗ ಎರಡೂ ಹೊರಗೆ ಬಂದವು. ಕಥೆ ಜೋಡು ಆಯಿತು, ಹಾಡು ಗಂಡಸಿನ ಅಂಗಿ ಆಯಿತು. ಗಂಡ ಬಂದು, “ಇವು ಯಾರವು?” ಅಂದ. ಅವಳಿಗೇನು ಗೊತ್ತು? ಮನೆಯಲ್ಲಿ ಜಗಳವೇ ಆಯಿತು!

ಕಥೆ ಕೇಳಿ ನಗು ಬರುತ್ತದೆ. ಆದರೆ ಮಾತು ನಿಜ. ನಮ್ಮ ಒಳಗೂ ಹೇಳದ ಕಥೆಗಳಿವೆ. ಹೆರಿಗೆಯ ರಾತ್ರಿ, ಬರಗಾಲದ ವರ್ಷ, ಗುಳೆ ಹೋದ ದಾರಿ. ಇವನ್ನು ನಮ್ಮ ಪರವಾಗಿ ಬೇರೆ ಯಾರೂ ಬರೆಯಲಾರರು. ಇಷ್ಟು ದಿನ ನಮ್ಮ ಸಂಗತಿಗೆ ಬೇರೆಯವರ ಕೈ ಬೇಕಿತ್ತು. ಈಗ ನಮ್ಮದೇ ಕೈ ಇದೆ.

ಮಾಡಿ ನೋಡಿ

1. ನಿಮ್ಮ ಬದುಕಿನಲ್ಲಿ ನಡೆದ ಒಂದು ಸಂಗತಿ ಆರಿಸಿಕೊಳ್ಳಿ. ಜೊತೆಯವರಿಗೆ ಬಾಯಲ್ಲಿ ಹೇಳಿ. ಅವರು ಎಲ್ಲಿ ತಡೆದು ಕೇಳಿದರು ಅಂತ ನೆನಪಿಡಿ.

2. ಅದನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಅವರು ಕೇಳಿದ್ದಕ್ಕೆ ಉತ್ತರ ಸೇರಿಸಿ.

3. ಬರೆದದ್ದನ್ನು ಗಟ್ಟಿಯಾಗಿ ಓದಿ. ಜೊತೆಯವರು ಹೂಂಗುಟ್ಟಲಿ. ಹೂಂ ನಿಂತ ಕಡೆ ಗೆರೆ ಎಳೆಯಿರಿ. ಅಲ್ಲಿ ಏನೋ ಬಿಟ್ಟುಹೋಗಿದೆ. ಅದನ್ನು ತುಂಬಿ, ಇನ್ನೊಮ್ಮೆ ಓದಿ.