ಮಲೆನಾಡಿನಲ್ಲಿ ನಾಯಿಮರಿ ಸಾಕಣೆ

ನಾಯಿಮರಿ ಸಾಕಣೆ ಎಂದರೆ ತಾಯಿಯಿಂದ ಬೇರ್ಪಟ್ಟ ಮರಿಯನ್ನು ಮನೆಗೆ ತಂದು ಸುಮಾರು ಆರು ತಿಂಗಳು ತುಂಬುವವರೆಗೆ ಆಹಾರ, ಆರೋಗ್ಯರಕ್ಷಣೆ ಮತ್ತು ಶಿಕ್ಷಣ ನೀಡಿ ಬೆಳೆಸುವ ಕ್ರಮ. ಮಲೆನಾಡಿನ ಆಡುಮಾತಿನಲ್ಲಿ ಮರಿಯನ್ನು 'ಕುನ್ನಿ' ಎಂದೂ ಕರೆಯುತ್ತಾರೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಒಂಟಿಮನೆಗಳಲ್ಲಿ ನಾಯಿಯು ಅಂಗಳ, ಕೊಟ್ಟಿಗೆ ಹಾಗೂ ಅಡಿಕೆ ತೋಟದ ಕಾವಲಿಗೆ ಅವಶ್ಯವೆನಿಸಿದೆ. ಅತಿವೃಷ್ಟಿ, ಉಣ್ಣೆ, ಕಾಡುಪ್ರಾಣಿಗಳ ಭಯ ಮತ್ತು ಪಶುವೈದ್ಯರಿಂದ ಇರುವ ದೂರ ಇವುಗಳಿಂದಾಗಿ ಇಲ್ಲಿ ಮರಿಯ ಮೊದಲ ತಿಂಗಳುಗಳು ಬಯಲುಸೀಮೆಗಿಂತ ಹೆಚ್ಚಿನ ಎಚ್ಚರವನ್ನು ಬೇಡುತ್ತವೆ.

ಹಿನ್ನೆಲೆ

ಕನ್ನಡನಾಡಿನಲ್ಲಿ ಮನುಷ್ಯ ಮತ್ತು ನಾಯಿಯ ಒಡನಾಟಕ್ಕೆ ಪ್ರಾಚೀನ ದಾಖಲೆಗಳಿವೆ. ಸುಮಾರು ಕ್ರಿ.ಶ. 950ರ ಆತಕೂರು ಶಾಸನವು (ಮಂಡ್ಯ ಜಿಲ್ಲೆ) ಕಾಡುಹಂದಿಯೊಡನೆ ಹೋರಾಡಿ ಮಡಿದ 'ಕಾಳಿ' ಎಂಬ ನಾಯಿಯ ನೆನಪನ್ನು ಉಳಿಸಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ಒಂದು ಪಾತ್ರವೇ ಆಗಿದೆ. ಅವರ ಪುತ್ರ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯ 'ಕಿವಿ' ಎಂಬ ನಾಯಿಯೂ ಓದುಗರಿಗೆ ಪರಿಚಿತ.

ಈ ಭಾಗದಲ್ಲಿ ಸಾಕುವ ನಾಯಿಗಳಲ್ಲಿ ಹೆಚ್ಚಿನವು ಊರನಾಯಿಗಳು. ಇವನ್ನು 'ಕಂತ್ರಿ ನಾಯಿ' ಎಂದು ಹಗುರವಾಗಿ ಕರೆಯುವುದುಂಟು. ಆದರೆ ಸ್ಥಳೀಯ ಹವೆಗೆ ಒಗ್ಗಿರುವುದರಿಂದ ಇವುಗಳ ಸಾಕಣೆ ಸುಲಭ. ದಟ್ಟ ಕೂದಲಿನ ವಿದೇಶಿ ತಳಿಗಳ ಮೈ ಮಳೆಗಾಲದಲ್ಲಿ ಒಣಗದೆ ಚರ್ಮರೋಗಕ್ಕೆ ಎಡೆಯಾಗುತ್ತದೆ.

ಹೊಳೆಬಾಗಿಲು ಮತ್ತು ಶರಾವತಿ ಹಿನ್ನೀರು ಪ್ರದೇಶ

ಹೊಳೆಬಾಗಿಲು ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ದಡದಲ್ಲಿರುವ ಕಡವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಆಚೆ ದಡದ ತುಮರಿ ಸುತ್ತಲಿನ ಹಳ್ಳಿಗಳು ಸಾಗರ ಪೇಟೆಯಿಂದ ನೀರಿನ ಮೂಲಕ ಬೇರ್ಪಟ್ಟವು. ದಶಕಗಳ ಕಾಲ ಅಲ್ಲಿನ ಜನರು ಲಾಂಚ್ ದಾಟಿಯೇ ಪೇಟೆಗೆ ಬರಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡಿತು.

ನಾಯಿಮರಿಯ ಸಾಕಣೆಗೂ ಈ ದೂರಕ್ಕೂ ನೇರ ಸಂಬಂಧವಿದೆ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಇಡಬೇಕು. ಬಿಸಿಲಿನಲ್ಲಿ ಜೇಬಿನಲ್ಲಿಟ್ಟು ತಂದ ಲಸಿಕೆ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಾಗೆ ಚುಚ್ಚಿಸಿದ ಮರಿಗೆ ರಕ್ಷಣೆ ಇದೆಯೆಂದು ಮನೆಯವರು ನಂಬಿರುತ್ತಾರೆ, ವಾಸ್ತವದಲ್ಲಿ ಇರುವುದಿಲ್ಲ. ಆದುದರಿಂದ ಲಸಿಕೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ತರುವುದು, ಅಥವಾ ಮರಿಯನ್ನೇ ಪಶು ಆಸ್ಪತ್ರೆಗೆ ಕರೆದೊಯ್ಯುವುದು ಸರಿಯಾದ ಕ್ರಮ.

ಮರಿಯ ವಯಸ್ಸು ಮತ್ತು ಆಯ್ಕೆ

ಮರಿಯು ಹುಟ್ಟಿದಾಗ ಕುರುಡು ಮತ್ತು ಕಿವುಡು. ಸುಮಾರು 10ರಿಂದ 14 ದಿನಗಳಲ್ಲಿ ಕಣ್ಣು ತೆರೆಯುತ್ತದೆ. ಮೂರನೆಯ ವಾರದಲ್ಲಿ ಕಿವಿ ಕೇಳಿಸತೊಡಗಿ, ಹಾಲುಹಲ್ಲುಗಳು ಮೂಡಲಾರಂಭಿಸುತ್ತವೆ. ಒಡಹುಟ್ಟುಗಳೊಡನೆ ಆಡುವಾಗ ಎಷ್ಟು ಬಲವಾಗಿ ಕಚ್ಚಿದರೆ ಎದುರಿನ ಮರಿಗೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುತ್ತದೆ. ಒಂದು ತಿಂಗಳಿಗೇ ತಾಯಿಯಿಂದ ಬಿಡಿಸಿ ತಂದ ಮರಿಯು ಈ ಪಾಠದಿಂದ ವಂಚಿತವಾಗುತ್ತದೆ. ಭಾರತದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೆರೆಮನೆಯಿಂದ ಉಚಿತವಾಗಿ ತರುವಾಗಲೂ ಇದೇ ವಯಸ್ಸನ್ನು ಪಾಲಿಸುವುದು ಹಿತಕರ.

ಗಂಡುಮರಿಗೆ ಬೇಡಿಕೆ ಹೆಚ್ಚಿರುವುದರಿಂದ ಹೆಣ್ಣುಮರಿಗಳನ್ನು ಸಂತೆಯ ಬಳಿ ಅಥವಾ ರಸ್ತೆ ಬದಿಯಲ್ಲಿ ಬಿಟ್ಟುಬರುವ ರೂಢಿ ಹಲವೆಡೆ ಇದೆ. ಹೆಣ್ಣುನಾಯಿಯು ಕಾವಲಿನಲ್ಲಿ ಗಂಡಿಗಿಂತ ಹಿಂದೆ ಬೀಳುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಆರು ತಿಂಗಳ ನಂತರ ಮಾಡಿಸಬಹುದು. ತಕ್ಕ ಸಮಯವನ್ನು ಪಶುವೈದ್ಯರು ನಿರ್ಧರಿಸುತ್ತಾರೆ.

ಮೊದಲ ರಾತ್ರಿಗಳು

ಮನೆಗೆ ಬಂದ ಮೊದಲ ಮೂರು ನಾಲ್ಕು ರಾತ್ರಿಗಳಲ್ಲಿ ಮರಿ ಕುಂಯ್‌ಗುಟ್ಟುತ್ತ ಅಳುವುದು ಸಹಜ. ತಾಯಿಯ ಮೈಯ ಬಿಸುಪು ಮತ್ತು ಒಡಹುಟ್ಟುಗಳ ವಾಸನೆ ಒಮ್ಮೆಲೇ ಇಲ್ಲವಾಗಿರುವುದೇ ಇದಕ್ಕೆ ಕಾರಣ. ಅಳುವ ಮರಿಯನ್ನು ದೂರದ ಸೌದೆಕೊಟ್ಟಿಗೆಯಲ್ಲಿ ಕೂಡಿಹಾಕುವುದರಿಂದ ಅಳು ನಿಂತರೂ ಭಯ ನಿಲ್ಲುವುದಿಲ್ಲ. ಮನೆಯವರ ಉಸಿರು, ಮಾತು ಕೇಳುವಷ್ಟು ಹತ್ತಿರದಲ್ಲಿ, ಜಗುಲಿಯ ಒಳಮೂಲೆಯಲ್ಲಿ, ಗೋಣಿಚೀಲದ ಮೇಲೆ ಹಳೆಯ ಕಂಬಳಿ ಹಾಸಿ ಮಲಗಿಸಬೇಕು. ತಾಯಿ ಮಲಗಿದ್ದ ಜಾಗದ ಬಟ್ಟೆಯ ತುಂಡೊಂದನ್ನು ಜೊತೆಗೆ ತಂದಿದ್ದರೆ ಮರಿ ಬೇಗ ನೆಮ್ಮದಿಗೊಳ್ಳುತ್ತದೆ.

ಮಳೆಗಾಲದಲ್ಲಿ ಬೆಚ್ಚನೆಯ ಜಾಗವೆಂದು ಮರಿಗಳು ಬಚ್ಚಲ ಒಲೆಯ ಬೂದಿಯಲ್ಲಿ ಹೋಗಿ ಮಲಗುವುದುಂಟು. ಬೂದಿಯೊಳಗಿನ ಕೆಂಡದಿಂದ ಸುಟ್ಟುಕೊಳ್ಳುವ ಸಂಭವವಿರುವುದರಿಂದ ಒಲೆಯ ಬಾಯಿಗೆ ಅಡ್ಡ ಇಡುವುದು ಅಗತ್ಯ.

ಆಹಾರ

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ, ಅನಂತರ ಎರಡು ಬಾರಿ ಊಟ ಕೊಡುವುದು ವಾಡಿಕೆ. ನಾಯಿಯ ಹಾಲಿನಲ್ಲಿ ಕೊಬ್ಬು ಮತ್ತು ಸಸಾರಜನಕ ಹಸುವಿನ ಹಾಲಿನ ಸುಮಾರು ಎರಡರಷ್ಟಿರುತ್ತವೆ; ಸಕ್ಕರೆಯ ಅಂಶ ಕಡಿಮೆ. ಆದುದರಿಂದ ಬರಿಯ ಹಸುವಿನ ಹಾಲು ಕುಡಿಸಿದ ಮರಿಗೆ ಪೋಷಣೆ ಸಾಲದು. ಹಲವು ಮರಿಗಳಿಗೆ ಭೇದಿಯೂ ಆಗುತ್ತದೆ. ಹಾಲಿಗಿಂತ ಮೊಸರು ಸುಲಭವಾಗಿ ಜೀರ್ಣವಾಗುತ್ತದೆ.

ಅನ್ನವನ್ನು ನಾಯಿಯು ಅರಗಿಸಿಕೊಳ್ಳಬಲ್ಲದು. ಪಿಷ್ಟವನ್ನು ಜೀರ್ಣಿಸುವ ಗುಣ ತೋಳಗಳಿಗಿಂತ ಸಾಕುನಾಯಿಗಳಲ್ಲಿ ಹೆಚ್ಚಾಗಿ ಬೆಳೆದಿದೆಯೆಂದು 2013ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ತೋರಿಸಿತು. ಆದರೆ ಅನ್ನ ಮಜ್ಜಿಗೆ ಮಾತ್ರ ತಿಂದು ಬೆಳೆದ ಮರಿಯ ಹೊಟ್ಟೆ ಉಬ್ಬಿ, ಕಾಲು ಸೊಟ್ಟಗಾಗಬಹುದು. ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಅಥವಾ ಮಾಂಸ ಸೇರಿಸುವುದು ಉತ್ತಮ. ಸಸ್ಯಾಹಾರಿ ಮನೆಗಳಲ್ಲಿ ಚೆನ್ನಾಗಿ ಬೆಂದ ಬೇಳೆ, ಪನೀರ್, ಮೊಸರು, ರಾಗಿಗಂಜಿಯ ಜೊತೆಗೆ ಮರಿಗಳಿಗೆಂದೇ ಸಿದ್ಧಪಡಿಸಿದ ಆಹಾರವನ್ನು ಬೆರೆಸಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮತ್ತು ಬೆಂದ ಮೂಳೆ ಅಪಾಯಕಾರಿ. ಒಗ್ಗರಣೆ ಹಾಕಿದ ಸಾರನ್ನು ಅನ್ನಕ್ಕೆ ಕಲಸಿ ಹಾಕುವ ಪದ್ಧತಿಯನ್ನು ಈ ಕಾರಣದಿಂದ ಬಿಡಬೇಕು.

ಶೌಚ ಶಿಕ್ಷಣ ಮತ್ತು ಕಚ್ಚುವ ಅಭ್ಯಾಸ

ಎಳೆಯ ಮರಿಗೆ ಮೂತ್ರವನ್ನು ಹೆಚ್ಚು ಹೊತ್ತು ತಡೆಯುವ ಶಕ್ತಿಯಿರುವುದಿಲ್ಲ. ಎರಡು ತಿಂಗಳ ಮರಿಯು ಹೆಚ್ಚೆಂದರೆ ಎರಡು ಮೂರು ಗಂಟೆ ತಡೆದೀತು. ನಿದ್ದೆಯಿಂದ ಎದ್ದಾಗ, ಉಂಡ ಬಳಿಕ ಮತ್ತು ಆಟದ ಬಳಿಕ ಅದನ್ನು ಹೊರಗೆ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಅಲ್ಲಿ ಮುಗಿಸಿದ ಕೂಡಲೇ ಮೆಚ್ಚುಗೆಯ ಮಾತಾಡಿ ತಿನಿಸಿನ ಚೂರು ಕೊಟ್ಟರೆ ಕೆಲವು ವಾರಗಳಲ್ಲಿ ರೂಢಿಯಾಗುತ್ತದೆ. ಜಡಿಮಳೆಯಲ್ಲಿ ಮರಿಯು ಅಂಗಳಕ್ಕಿಳಿಯಲು ಒಪ್ಪದು. ಸೂರಿನಡಿಯಲ್ಲಿ ಮಣ್ಣು ಅಥವಾ ಒಣ ದರಗು ಹರಡಿದ ಮೂಲೆಯನ್ನು ಇದಕ್ಕೆ ಮೀಸಲಿಡಬಹುದು. ಗಲೀಜು ಮಾಡಿದ ಜಾಗಕ್ಕೆ ಮರಿಯ ಮೂತಿ ಒರೆಸಿ ಹೊಡೆಯುವ ಹಳೆಯ ಕ್ರಮದಿಂದ ಪ್ರಯೋಜನವಿಲ್ಲ. ಮರಿಯು ಆ ಜಾಗವನ್ನಲ್ಲ, ಹೊಡೆದ ಕೈಯನ್ನು ನೆನಪಿಡುತ್ತದೆ.

ನಾಲ್ಕರಿಂದ ಏಳು ತಿಂಗಳ ನಡುವೆ 28 ಹಾಲುಹಲ್ಲುಗಳು ಬಿದ್ದು 42 ಶಾಶ್ವತ ಹಲ್ಲುಗಳು ಬರುತ್ತವೆ. ಒಸಡಿನ ಕೆರೆತದಿಂದ ಮರಿಯು ಚಪ್ಪಲಿ, ಹಾಳೆಟೋಪಿ, ಕತ್ತಿಯ ಹಿಡಿ ಎಲ್ಲವನ್ನೂ ಕಡಿಯುತ್ತದೆ. ಗಂಟು ಹಾಕಿ ತಣ್ಣೀರಿನಲ್ಲಿ ನೆನೆಸಿದ ದಪ್ಪ ಬಟ್ಟೆಯನ್ನು ಕಡಿಯಲು ಕೊಡಬಹುದು. ಕೈಯನ್ನು ಬಲವಾಗಿ ಕಚ್ಚಿದಾಗ ಆಟ ನಿಲ್ಲಿಸಿ ಎದ್ದುಹೋದರೆ, ಕಚ್ಚಿದರೆ ಆಟ ಮುಗಿಯುತ್ತದೆಂಬುದು ಅದಕ್ಕೆ ತಿಳಿಯುತ್ತದೆ.

ಲೋಕಪರಿಚಯ

ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮರಿಯು ಕಂಡದ್ದನ್ನು ಸಹಜವೆಂದು ಸ್ವೀಕರಿಸುತ್ತದೆ. ಅಮೆರಿಕದ ಸಂಶೋಧಕರಾದ ಸ್ಕಾಟ್ ಮತ್ತು ಫುಲ್ಲರ್ 1965ರ ತಮ್ಮ ಗ್ರಂಥದಲ್ಲಿ ಈ ಹಂತದ ಮಹತ್ವವನ್ನು ವಿವರಿಸಿದರು. ಒಂಟಿಮನೆಯಲ್ಲಿ ಬೆಳೆಯುವ ಮರಿಯು ಮನೆಯವರನ್ನು ಬಿಟ್ಟು ಬೇರೆಯವರನ್ನು ಕಾಣುವುದೇ ಅಪರೂಪ. ಮುಂದೆ ಅದು ಅಂಚೆಯವರನ್ನೋ ಶಾಲೆಯ ಮಕ್ಕಳನ್ನೋ ಕಚ್ಚುವ ನಾಯಿಯಾಗಲು ಇದೂ ಒಂದು ಕಾರಣ. ದನಕರು, ಕೋಳಿ, ಕೊಡೆ ಹಿಡಿದ ಮತ್ತು ಕಂಬಳಿಕೊಪ್ಪೆ ಹಾಕಿದ ಆಳುಗಳು, ಬೈಕು, ಕಳೆ ಕೊಚ್ಚುವ ಯಂತ್ರ ಇವನ್ನು ದೂರದಿಂದ, ಹೆದರಿಸದೆ ಪರಿಚಯಿಸಬೇಕು. ಮಂಗಗಳನ್ನು ಓಡಿಸಲು ಹೊಡೆಯುವ ಗರ್ನಾಲಿನ ಸದ್ದಿಗೆ ಬೆದರಿದ ಮರಿಗಳು ಓಡಿ ಕಾಡು ಸೇರುವುದುಂಟು. ಆ ಹೊತ್ತಿನಲ್ಲಿ ಮರಿಯನ್ನು ಒಳಗೆ ಇಟ್ಟುಕೊಳ್ಳುವುದು ಕ್ಷೇಮ. ಲಸಿಕೆ ಪೂರ್ಣವಾಗುವವರೆಗೆ ಅಪರಿಚಿತ ನಾಯಿಗಳ ಸಂಪರ್ಕ ಬೇಡ.

ಆರೋಗ್ಯರಕ್ಷಣೆ

ಜಂತುಹುಳದ ಔಷಧವನ್ನು ಎರಡನೆಯ ವಾರದಿಂದ ಆರಂಭಿಸಿ, ಮೊದಲಿಗೆ ಎರಡು ವಾರಕ್ಕೊಮ್ಮೆ, ಬಳಿಕ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಲಾಗುತ್ತದೆ. ಪ್ರಮಾಣವು ಮರಿಯ ತೂಕವನ್ನು ಅವಲಂಬಿಸಿರುತ್ತದೆ. ಹಿಂದೆ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಕದ ಲವಣವನ್ನು ನಾಯಿಗಳ ಲಾಡಿಹುಳ ಹೊರಹಾಕಲು ಬಳಸುತ್ತಿದ್ದರು. ಆದರೆ ಅದು ವಾಂತಿ, ಜೊಲ್ಲು, ತೀವ್ರ ಭೇದಿಯನ್ನೂ ಉಂಟುಮಾಡುತ್ತದೆ. ಆದುದರಿಂದ ಮರಿಗೆ ಅಡಿಕೆ ತಿನ್ನಿಸುವುದು ಔಷಧವಲ್ಲ. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಅದು ಅಗಿಯದಂತೆಯೂ ನೋಡಿಕೊಳ್ಳಬೇಕು.

ಆರರಿಂದ ಎಂಟನೆಯ ವಾರದಲ್ಲಿ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ಸಂಯುಕ್ತ ಲಸಿಕೆಯನ್ನು ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೆ ಮುಂದುವರಿಸಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಲಸಿಕೆಯ ಪ್ರಭಾವವನ್ನು ತಡೆಯಬಹುದಾದ್ದರಿಂದ ಒಂದೇ ಚುಚ್ಚುಮದ್ದು ಸಾಲದು. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂದಿನ ಮರಿ ರಕ್ತಭೇದಿಯಿಂದ ಸತ್ತ ಅಂಗಳಕ್ಕೆ ಲಸಿಕೆಯಾಗದ ಇನ್ನೊಂದು ಮರಿಯನ್ನು ತಂದರೆ ಅದೂ ಸಾಯುವ ಸಂಭವ ಹೆಚ್ಚು. 'ನಮ್ಮ ಮನೆಗೆ ನಾಯಿ ಆಗಿಬರುವುದಿಲ್ಲ' ಎಂಬ ನಂಬಿಕೆಯ ಹಿಂದೆ ಎಷ್ಟೋ ಸಲ ಇರುವುದು ಇಂಥ ವೈರಾಣುವೇ. ವಾಂತಿ, ದುರ್ವಾಸನೆಯ ರಕ್ತಭೇದಿ ಮತ್ತು ಮಂಕು ಕಂಡ ದಿನವೇ ವೈದ್ಯರಲ್ಲಿಗೆ ಒಯ್ಯಬೇಕು. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಮನುಷ್ಯರಿಗೂ ತಗಲುವುದರಿಂದ ಗದ್ದೆ ತೋಟಗಳ ನಾಡಿನಲ್ಲಿ ಅದರ ಲಸಿಕೆಯೂ ಉಪಯುಕ್ತ.

ರೇಬೀಸ್

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಬದುಕುಳಿಯುವುದು ಇಲ್ಲವೆನ್ನುವಷ್ಟು ವಿರಳ. ಮರಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ವರ್ಷದ ಬಳಿಕ ಮರುಲಸಿಕೆ, ಅನಂತರ ವೈದ್ಯರು ಹೇಳಿದ ಅಂತರದಲ್ಲಿ ಹಾಕಿಸಬೇಕು. 'ಮರಿ ಕಚ್ಚಿದರೆ ಏನೂ ಆಗದು, ಹಾಲುಹಲ್ಲಿಗೆ ನಂಜಿಲ್ಲ' ಎಂಬುದು ಅಪಾಯಕರವಾದ ತಪ್ಪು ತಿಳಿವಳಿಕೆ. ಎಳೆಯ ಮರಿಗಳಿಗೂ ರೇಬೀಸ್ ಬರುತ್ತದೆ. ಕಚ್ಚಿದ ಅಥವಾ ಪರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಸುಣ್ಣ, ಮೆಣಸಿನಪುಡಿ, ಅರಿಶಿನ ಹಚ್ಚಬಾರದು. ಮಕ್ಕಳು ಬೈಗುಳಕ್ಕೆ ಹೆದರಿ ಗಾಯವನ್ನು ಮುಚ್ಚಿಡುತ್ತಾರೆ. ಆದುದರಿಂದ ಮರಿ ತಂದ ದಿನವೇ ಅವರಿಗೆ ಇದನ್ನು ತಿಳಿಹೇಳುವುದು ಹಿರಿಯರ ಹೊಣೆ. ಲೂಯಿ ಪಾಶ್ಚರ್ ನಿಧನರಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸಲಾಗುತ್ತದೆ.

ಉಣ್ಣೆ, ಇಂಬಳ ಮತ್ತು ಇತರ ಅಪಾಯಗಳು

ಉಣ್ಣೆಗಳು ಮರಿಯ ರಕ್ತ ಹೀರುವುದಲ್ಲದೆ ಜ್ವರ ಮತ್ತು ರಕ್ತಹೀನತೆ ತರುವ ರೋಗಾಣುಗಳನ್ನೂ ಹರಡುತ್ತವೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದೂ ಕಾಡಿನ ಉಣ್ಣೆಗಳೇ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಮರಿಯನ್ನು ಕಾಡಿಗೆ ಬಿಡದೆ, ಪ್ರತಿದಿನ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಪರೀಕ್ಷಿಸಿ ಉಣ್ಣೆಗಳನ್ನು ಚಿಮಟದಿಂದ ತೆಗೆಯಬೇಕು. ಬರಿಗೈಯಲ್ಲಿ ಹಿಸುಕಬಾರದು. ತೋಟಕ್ಕೆ ಬಳಸುವ ಕೀಟನಾಶಕವನ್ನು ಮರಿಯ ಮೈಗೆ ಹಚ್ಚಿದರೆ ಅದು ನೆಕ್ಕಿ ಸಾಯಬಹುದು. ಮಳೆಗಾಲದಲ್ಲಿ ಮೂಗಿನೊಳಗೆ ಸೇರಿದ ಇಂಬಳದಿಂದ ಮರಿಯು ಮತ್ತೆ ಮತ್ತೆ ಸೀನಿ ರಕ್ತ ಸುರಿಸುತ್ತದೆ. ಇದಕ್ಕೆ ವೈದ್ಯರ ನೆರವು ಬೇಕಾಗಬಹುದು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತ ಮತ್ತು ಸುಣ್ಣವಿರುವುದರಿಂದ ಅದರ ಡ್ರಮ್ಮುಗಳ ಬಳಿ ಮರಿ ಸುಳಿಯದಂತೆ ನೋಡಿಕೊಳ್ಳಬೇಕು.

ಕಾಡಂಚಿನ ಮನೆಗಳಲ್ಲಿ ಚಿರತೆಯು ನಾಯಿಯನ್ನು ಹೊತ್ತೊಯ್ಯುವುದು ಸಾಮಾನ್ಯ. ಅಂಗಳದಲ್ಲಿ ಸರಪಳಿಯಿಂದ ಕಟ್ಟಿದ ಮರಿಗೆ ಓಡಿ ತಪ್ಪಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಕತ್ತಲಾಗುವ ಮುನ್ನ ಅದನ್ನು ಬಾಗಿಲಿರುವ ಗೂಡಿನೊಳಗೆ ಸೇರಿಸಬೇಕು. ಸದಾ ಕಟ್ಟಿಹಾಕಿ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಪಾಲಕರ ದಣಿವು

ನಿದ್ದೆಗೆಟ್ಟ ರಾತ್ರಿಗಳು, ಮೇಲಿಂದ ಮೇಲೆ ಒರೆಸಬೇಕಾದ ನೆಲ, ಹರಿದ ಬಟ್ಟೆಗಳಿಂದ ಬೇಸತ್ತು, ಮರಿಯನ್ನು ತಂದದ್ದೇ ತಪ್ಪಾಯಿತೆಂದು ಮನೆಯವರಿಗೆ ಮೊದಲ ವಾರಗಳಲ್ಲಿ ಅನ್ನಿಸುವುದು ಅಸಹಜವಲ್ಲ. ಮರಿಗಳನ್ನು ತಂದು ಬಿಟ್ಟುಬಿಡುವುದಕ್ಕೆ ಈ ಬೇಸರವೂ ಒಂದು ಕಾರಣ. ಮಕ್ಕಳ ಹಟಕ್ಕೆ ತಂದ ಮರಿಯ ಕೆಲಸವೆಲ್ಲ ಕೊನೆಗೆ ಮನೆಯ ಹೆಂಗಸರ ಮೇಲೆ ಬೀಳುವುದೇ ಹೆಚ್ಚು. ಯಾರು ಉಣಿಸಬೇಕು, ಯಾರು ಹೊರಗೆ ಕರೆದೊಯ್ಯಬೇಕು, ಲಸಿಕೆಯ ದಿನ ಯಾರು ನೆನಪಿಡಬೇಕು ಎಂಬುದನ್ನು ಮರಿ ತರುವ ಮುನ್ನವೇ ಹಂಚಿಕೊಳ್ಳಬೇಕು. ಮರಿಯು ದಿನಕ್ಕೆ 18ರಿಂದ 20 ಗಂಟೆ ನಿದ್ರಿಸುತ್ತದೆ. ಆ ನಿದ್ದೆಯನ್ನು ಮಕ್ಕಳು ಕೆಡಿಸದಂತೆ ನೋಡಿಕೊಂಡರೆ ಅದರ ರಂಪಾಟವೂ ತಗ್ಗುತ್ತದೆ. ಸಾಮಾನ್ಯವಾಗಿ ಐದಾರು ತಿಂಗಳಾಗುವಷ್ಟರಲ್ಲಿ ಶೌಚದ ರೂಢಿ ನೆಲೆಗೊಂಡು, ಕಚ್ಚುವುದು ಕಡಿಮೆಯಾಗಿ, ಮರಿಯು ಮನೆಯ ದಿನಚರಿಗೆ ಹೊಂದಿಕೊಳ್ಳುತ್ತದೆ.

ಸಾಕುನಾಯಿ ಮತ್ತು ವನ್ಯಜೀವಿಗಳು

ಲಸಿಕೆಯಾಗದ ನಾಯಿಗಳಿಂದ ಡಿಸ್ಟೆಂಪರ್ ಮತ್ತು ರೇಬೀಸ್ ಕಾಡುಪ್ರಾಣಿಗಳಿಗೂ ಹರಡಬಲ್ಲವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸತ್ತ ಹಲವು ಸಿಂಹಗಳಲ್ಲಿ ಡಿಸ್ಟೆಂಪರ್ ವೈರಾಣು ಪತ್ತೆಯಾಗಿತ್ತು. ಸಿಂಗಳೀಕ, ಕಾಡುನಾಯಿ ಮುಂತಾದ ಜೀವಿಗಳ ನೆಲೆಯಾದ ಶರಾವತಿ ಕಣಿವೆಯ ಅಂಚಿನಲ್ಲಿ ಮರಿಗೆ ಸಕಾಲದಲ್ಲಿ ಹಾಕಿಸುವ ಲಸಿಕೆಯು ಮನೆಯವರ ಜೊತೆಗೆ ಕಾಡಿನ ಜೀವಿಗಳಿಗೂ ರಕ್ಷಣೆ ನೀಡುತ್ತದೆ.